ತೆರಿಗೆ ಕಟ್ಟುವವರು ಯಾರು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಎರಡೆರಡು ಸಲ ಬಂದ ಮಾತುಗಳನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ತೆರಿಗೆ ಕಟ್ಟುವವರು ದಯವಿಟ್ಟು ಕೈ ಎತ್ತಿ.

ಸರಿ, ಇಳಿಸಿ. ಅರ್ಧಕ್ಕಿಂತ ಕಡಿಮೆ ಜನ ಎತ್ತಿದಿರಿ. ಹಿಂದಿನ ಸಾಲಿನಲ್ಲಿ ಕೂತಿರುವ ವಿದ್ಯಾರ್ಥಿಗಳು ಯಾರೂ ಎತ್ತಲಿಲ್ಲ. ಆ ಕಡೆ ಕೂತಿರುವ ಹೆಂಗಸರಲ್ಲಿ ಎತ್ತಿದವರು ಇಬ್ಬರೋ ಮೂವರೋ. ಈ ಪ್ರಶ್ನೆಯನ್ನು ನಾನು ಎಲ್ಲಿ ಕೇಳಿದರೂ ಹೀಗೇ ಆಗುತ್ತದೆ. ಆದರೆ ಸರಿಯಾದ ಉತ್ತರ ಏನು ಗೊತ್ತಾ? ಇಲ್ಲಿರುವ ಪ್ರತಿಯೊಬ್ಬರೂ ಕೈ ಎತ್ತಬೇಕಿತ್ತು. ಸೋಪು ಕೊಂಡಾಗ, ಫೋನಿಗೆ ರೀಚಾರ್ಜ್ ಮಾಡಿಸಿದಾಗ, ಚಪ್ಪಲಿ ಕೊಂಡಾಗ ನೀವು ತೆರಿಗೆ ಕಟ್ಟಿದ್ದೀರಿ. ಬೆಲೆಯೊಳಗೆ ಸೇರಿಕೊಂಡಿರುವುದರಿಂದ ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ. ಸರ್ಕಾರ ಯಾವುದಕ್ಕೆ ಖರ್ಚು ಮಾಡಬೇಕು, ತೆರಿಗೆಯ ಹೊರೆ ಯಾರ ಮೇಲೆ ಎಷ್ಟು ಬೀಳಬೇಕು ಅಂತ ನಾವು ಜಗಳ ಆಡುತ್ತೇವೆ. ಆ ಜಗಳದ ಬುಡದಲ್ಲಿ 'ತೆರಿಗೆದಾರ ಅಂದರೆ ಯಾರು' ಅನ್ನುವ ಒಂದು ಚಿತ್ರ ಇರುತ್ತದೆ. ಆ ಚಿತ್ರವೇ ತಪ್ಪಾಗಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಕ್ಕಾಗಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ವಯಸ್ಸಾದ ಹೆಂಗಸು. ಹಿಂದೆ ನಿಂತಿದ್ದ ಒಬ್ಬರು ಜೋರಾಗಿಯೇ ಹೇಳಿದರು: "ನಾವು ಕಟ್ಟೋ ತೆರಿಗೆ ಎಲ್ಲ ಇಂಥವರಿಗೆ ಬಿಟ್ಟಿ ಕೊಡೋದಕ್ಕೇ ಹೋಗುತ್ತೆ." ಆ ಹೆಂಗಸು ತಲೆ ತಗ್ಗಿಸಿದರು. ನಾನೂ ಸುಮ್ಮನಿದ್ದೆ. ಅವತ್ತು ಬಾಯಿ ಬಿಡಲಿಲ್ಲವಲ್ಲ ಅನ್ನುವ ಬೇಸರ ಇನ್ನೂ ಹೋಗಿಲ್ಲ. ಅವರು ಉಟ್ಟಿದ್ದ ಸೀರೆಗೆ, ಕೈಯಲ್ಲಿದ್ದ ಚೀಲಕ್ಕೆ, ಅಲ್ಲಿಗೆ ಬಂದ ಬಸ್ಸಿಗೆ ಸುರಿದ ಡೀಸೆಲ್‌ಗೆ ಎಲ್ಲದಕ್ಕೂ ತೆರಿಗೆ ಕಟ್ಟಿಯೇ ಅವರು ಆ ಸಾಲಿನಲ್ಲಿ ನಿಂತಿದ್ದರು.

ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬರ ಆದಾಯ 100 ಅಂತ ಇಟ್ಟುಕೊಳ್ಳಿ, ಇನ್ನೊಬ್ಬರದು 1000. ಖರ್ಚು ಮಾಡಿದ ದುಡ್ಡಿನಲ್ಲಿ ಹತ್ತನೇ ಒಂದು ಪಾಲು ತೆರಿಗೆಗೆ ಹೋಗುತ್ತದೆ ಅಂದುಕೊಳ್ಳಿ. ಮೊದಲನೆಯವರಿಗೆ ಬಂದ 100ರಲ್ಲಿ ಉಳಿಸುವುದಕ್ಕೆ ಏನೂ ಇಲ್ಲ, ಅಷ್ಟೂ ಖರ್ಚಾಗುತ್ತದೆ. ಅವರು ಕಟ್ಟಿದ್ದು 10. ಎರಡನೆಯವರು 400 ಖರ್ಚು ಮಾಡಿ 600 ಉಳಿಸುತ್ತಾರೆ. ಅವರು ಕಟ್ಟಿದ್ದು 40. ಮೊತ್ತ ನೋಡಿದರೆ ಎರಡನೆಯವರೇ ಜಾಸ್ತಿ ಕೊಟ್ಟರು, ಅದು ಸುಳ್ಳಲ್ಲ. ಆದರೆ ಆದಾಯದ ಲೆಕ್ಕದಲ್ಲಿ ಮೊದಲನೆಯವರು ಶೇ. 10 ಕೊಟ್ಟರು, ಎರಡನೆಯವರು ಶೇ. 4. ಇಬ್ಬರಿಗೂ ತೆರಿಗೆಯ ದರ ಒಂದೇ. ಹೊರೆ ಒಂದೇ ಅಲ್ಲ.

ಕೊಳ್ಳುವ ವಸ್ತುವಿನ ಮೇಲೆ ಹಾಕುವ ಪರೋಕ್ಷ ತೆರಿಗೆಯ ಸ್ವಭಾವವೇ ಇದು. ಇವತ್ತು ಜಗತ್ತಿನ 170ಕ್ಕೂ ಹೆಚ್ಚು ದೇಶಗಳಲ್ಲಿ ಮೌಲ್ಯವರ್ಧಿತ ತೆರಿಗೆಯೋ ಅದೇ ಜಾತಿಯ ಇನ್ನೊಂದೋ ಇದೆ. 1954ರಲ್ಲಿ ಫ್ರಾನ್ಸ್ ಇದನ್ನು ಜಾರಿಗೆ ತಂದಿತು. ಇದು ಹರಡಿದ್ದಕ್ಕೆ ಒಳ್ಳೆಯ ಕಾರಣಗಳೂ ಇವೆ. ವಸೂಲಿ ಸುಲಭ, ಕಳ್ಳತನ ಕಷ್ಟ. ಕೊಂಡ ವ್ಯಾಪಾರಿ ತಾನು ಕೊಟ್ಟ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಕಳೆಯಲು ಬಿಲ್ ಕೇಳುತ್ತಾನೆ, ಹಾಗಾಗಿ ಮಾರಿದವನು ಲೆಕ್ಕ ತೋರಿಸಲೇಬೇಕು. ಇದನ್ನು ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. ಇದನ್ನು ಕಟ್ಟುವವರನ್ನೂ ತೆರಿಗೆದಾರರು ಅಂತ ಕರೆಯಿರಿ ಅನ್ನುತ್ತಿದ್ದೇನೆ.

ಇದೇನೂ ಹೊಸ ಜಗಳ ಅಲ್ಲ. ಉಪ್ಪಿನ ಕಥೆ ನೋಡಿ. ಫ್ರಾನ್ಸಿನಲ್ಲಿ ಮಹಾಕ್ರಾಂತಿಗೆ ಮೊದಲು 'ಗಾಬೆಲ್' ಅನ್ನುವ ಉಪ್ಪಿನ ತೆರಿಗೆ ಇತ್ತು. ಕೆಲವು ಪ್ರಾಂತ್ಯಗಳಲ್ಲಿ 8 ವರ್ಷ ದಾಟಿದ ಪ್ರತಿಯೊಬ್ಬರೂ ವರ್ಷಕ್ಕೆ ಇಂತಿಷ್ಟು ಉಪ್ಪನ್ನು ಕೊಳ್ಳಲೇಬೇಕು ಅನ್ನುವ ಕಾನೂನು. ಬೇಡ ಅನ್ನುವ ಹಾಗಿಲ್ಲ. ಭೂಮಿ ಮತ್ತು ಆಸ್ತಿಯ ಮೇಲಿನ ಮುಖ್ಯ ನೇರ ತೆರಿಗೆಯಿಂದ ಶ್ರೀಮಂತ ಮನೆತನಗಳಿಗೂ ಪಾದ್ರಿಗಳಿಗೂ ಬಹುಮಟ್ಟಿಗೆ ವಿನಾಯಿತಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅನ್ನುವುದು ಇದಕ್ಕೇ ಅಲ್ವಾ? ಕ್ರಾಂತಿಯಾದ ಮರುವರ್ಷ, 1790ರಲ್ಲಿ, ಆ ಉಪ್ಪಿನ ತೆರಿಗೆ ರದ್ದಾಯಿತು. ಮುಂದೆ ನೆಪೋಲಿಯನ್ ಅದನ್ನು ಮತ್ತೆ ತಂದ. ಬೊಕ್ಕಸ ಖಾಲಿಯಾದಾಗ ಆಳುವವರ ಕೈ ಮೊದಲು ಹೋಗುವುದು ಇಂಥ ವಸ್ತುಗಳ ಕಡೆಗೇ. ಉಪ್ಪನ್ನು ಬಿಟ್ಟು ಬದುಕಲು ಯಾರಿಂದಲೂ ಆಗುವುದಿಲ್ಲ.

1930ರಲ್ಲಿ ಗಾಂಧೀಜಿ ದಂಡಿಗೆ ನಡೆದದ್ದು ಇದೇ ಉಪ್ಪಿನ ತೆರಿಗೆಯ ವಿರುದ್ಧ. ಮಾರ್ಚ್ 12ಕ್ಕೆ ಹೊರಟು ಏಪ್ರಿಲ್ 6ರಂದು ಉಪ್ಪು ಎತ್ತಿಕೊಂಡರು. ಹೋರಾಟಕ್ಕೆ ಉಪ್ಪೇ ಯಾಕೆ ಅಂತ ಆಗ ಅವರ ಜೊತೆಯವರಲ್ಲೇ ಕೆಲವರಿಗೆ ಅನುಮಾನ ಇತ್ತು. ಆದರೆ ಬಡವ ತಾನು ಕಟ್ಟುತ್ತಿದ್ದ ತೆರಿಗೆಯನ್ನು ಕಣ್ಣಾರೆ ಕಂಡದ್ದು ಅವತ್ತು.

ಇಂಗ್ಲೆಂಡಿನ ತಲೆಗಂದಾಯ ಇನ್ನೊಂದು. 1380ರಲ್ಲಿ ಫ್ರಾನ್ಸಿನ ಜೊತೆಗಿನ ಯುದ್ಧದ ಖರ್ಚಿಗೆ ಅಂತ, ಭಿಕ್ಷುಕರನ್ನು ಬಿಟ್ಟು, 15 ವರ್ಷ ದಾಟಿದ ಎಲ್ಲರ ಮೇಲೂ ತಲೆಗೆ 12 ಪೆನ್ನಿ ಹಾಕಿದರು. ಮರುವರ್ಷವೇ ರೈತರು ದಂಗೆ ಎದ್ದು ಲಂಡನ್‌ಗೆ ನುಗ್ಗಿದರು. ಆರು ಶತಮಾನ ಕಳೆದ ಮೇಲೆ ಅದೇ ದೇಶ ಅದೇ ತಪ್ಪನ್ನು ಮಾಡಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಮನೆಯ ಬೆಲೆ ನೋಡಿ ಹಾಕುತ್ತಿದ್ದ ಸ್ಥಳೀಯ ತೆರಿಗೆಯನ್ನು ತೆಗೆದು ತಲೆ ಎಣಿಸಿ ಹಾಕುವ ತೆರಿಗೆ ತಂದಿತು. ಸ್ಕಾಟ್ಲೆಂಡಿನಲ್ಲಿ 1989ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರಲ್ಲಿ. ಒಂದೇ ಊರಿನಲ್ಲಿ ಅರಮನೆಯಂಥ ಮನೆಯಲ್ಲಿರುವವರಿಗೂ ಬಾಡಿಗೆ ಕೋಣೆಯಲ್ಲಿರುವವರಿಗೂ ಒಂದೇ ಮೊತ್ತ. ಬಡವರಿಗೆ ರಿಯಾಯಿತಿ ಇತ್ತು ನಿಜ, ಆದರೂ ಶೇ. 20ರಷ್ಟನ್ನು ಅವರೂ ಕಟ್ಟಬೇಕಿತ್ತು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗಲಭೆಯಾಯಿತು. ಎಷ್ಟೋ ಜನ ಕಟ್ಟುವುದಿಲ್ಲ ಅಂತಲೇ ಕೂತರು. ಆ ವರ್ಷದ ನವೆಂಬರ್‌ನಲ್ಲಿ ಥ್ಯಾಚರ್ ರಾಜೀನಾಮೆ ಕೊಟ್ಟರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇದೂ ದೊಡ್ಡದು. 1993ರಲ್ಲಿ ಮತ್ತೆ ಮನೆಯ ಬೆಲೆ ನೋಡಿ ಹಾಕುವ ತೆರಿಗೆಯೇ ಬಂತು.

ಎಲ್ಲರಿಗೂ ಒಂದೇ ಮೊತ್ತ ಅನ್ನುವುದು ಕೇಳುವುದಕ್ಕೆ ಸಮಾನತೆಯ ಹಾಗೇ ಇರುತ್ತದೆ. ಆದರೆ ಹೊರುವ ಶಕ್ತಿ ನೋಡದೆ ಹೊರೆ ಹಂಚಿದರೆ ಅದು ನ್ಯಾಯ ಆಗುವುದಿಲ್ಲ. ಇದನ್ನು ಹೇಳುವುದಕ್ಕೆ ಎಡಪಂಥೀಯರೇ ಆಗಬೇಕಿಲ್ಲ. ಮಾರುಕಟ್ಟೆಯ ಪರವಾಗಿ ಬರೆದವರಲ್ಲಿ ಮೊದಲ ಹೆಸರು ಆಡಂ ಸ್ಮಿತ್. 1776ರಲ್ಲಿ ಅವರೇ ಬರೆದರು: ಪ್ರಜೆಗಳು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಸರ್ಕಾರಕ್ಕೆ ಕೊಡಬೇಕು. ಇನ್ನೊಂದು ಕಡೆ ಸ್ವಲ್ಪ ಮುಂದೆಯೂ ಹೋಗುತ್ತಾರೆ. ಶ್ರೀಮಂತರು ಆದಾಯದ ಪ್ರಮಾಣಕ್ಕಿಂತ ಒಂದಿಷ್ಟು ಹೆಚ್ಚು ಕೊಟ್ಟರೂ ಅದರಲ್ಲಿ ಅನ್ಯಾಯವೇನಿಲ್ಲ ಅನ್ನುತ್ತಾರೆ.

ಆದಾಯ ತೆರಿಗೆ ಹುಟ್ಟಿದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ 1799ರಲ್ಲಿ ಫ್ರಾನ್ಸಿನ ವಿರುದ್ಧದ ಯುದ್ಧಕ್ಕೆ ದುಡ್ಡು ಬೇಕಾಗಿ ಬಂತು. ಯುದ್ಧ ಮುಗಿದ ಮೇಲೆ, 1816ರಲ್ಲಿ, ಹೋಯಿತು. 1842ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಅದನ್ನು ಮತ್ತೆ ತಂದರು. ಈ ಸಲ ಯುದ್ಧಕ್ಕೆ ಅಂತ ಅಲ್ಲ, ನೂರಾರು ವಸ್ತುಗಳ ಮೇಲಿನ ಆಮದು ಸುಂಕ ಇಳಿಸುವುದಕ್ಕೆ. ವರ್ಷಕ್ಕೆ 150 ಪೌಂಡಿಗಿಂತ ಹೆಚ್ಚು ಆದಾಯ ಇದ್ದವರು ಮಾತ್ರ ಕಟ್ಟಬೇಕು. ಪೀಲ್ ಸಂಪ್ರದಾಯವಾದಿ ಪಕ್ಷದವರು, ಅದು ನೆನಪಿರಲಿ. ಕೊಳ್ಳುವವರ ಮೇಲಿದ್ದ ಹೊರೆಯಲ್ಲಿ ಒಂದು ಪಾಲನ್ನು ಅವರು ಗಳಿಸುವವರ ಹೆಗಲಿಗೆ ಸರಿಸಿದರು.

ಹಾಗಾದರೆ ಆದಾಯ ತೆರಿಗೆ ಬಂದ ಮೇಲೆ ಎಲ್ಲ ಸರಿಹೋಯಿತಾ? ಇಲ್ಲ. 2011ರಲ್ಲಿ ಅಮೆರಿಕದ ವಾರೆನ್ ಬಫೆಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರು ತಮ್ಮದೇ ಲೆಕ್ಕವನ್ನು ಬಿಚ್ಚಿಟ್ಟರು. ತೆರಿಗೆಗೆ ಒಳಪಡುವ ಆದಾಯದಲ್ಲಿ ತಾನು ಕಟ್ಟಿದ್ದು ಶೇ. 17.4. ತನ್ನ ಕಚೇರಿಯ ಉಳಿದ 20 ಜನ ಕಟ್ಟಿದ್ದು ಸರಾಸರಿ ಶೇ. 36. ಅವರು ಕಳ್ಳಲೆಕ್ಕ ಬರೆದಿರಲಿಲ್ಲ, ಎಲ್ಲ ಕಾನೂನಿನ ಪ್ರಕಾರವೇ. ಸಂಬಳಕ್ಕೆ ಒಂದು ದರ, ಷೇರು ಮಾರಿ ಬಂದ ಲಾಭಕ್ಕೆ ಅದಕ್ಕಿಂತ ಕಡಿಮೆ ದರ. ಜೊತೆಗೆ ಸಂಬಳದವರಿಂದ ಸಾಮಾಜಿಕ ಭದ್ರತೆಯ ತೆರಿಗೆಯನ್ನೂ ಹಿಡಿಯುತ್ತಾರೆ. ಸಂಬಳದವರಿಗೆ ದುಡ್ಡು ಕೈಗೆ ಬರುವ ಮೊದಲೇ ತೆರಿಗೆ ಕಳೆದಿರುತ್ತದೆ. ಷೇರಿನ ಬೆಲೆ ಎಷ್ಟೇ ಏರಿದರೂ ಸಾಮಾನ್ಯವಾಗಿ ಅದನ್ನು ಮಾರುವ ತನಕ ತೆರಿಗೆಯಿಲ್ಲ. ಯಾವಾಗ ಮಾರಬೇಕು ಅನ್ನುವುದು ಅವರ ಕೈಯಲ್ಲೇ ಇದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಸ್ಟ್ಯಾನ್ಲಿ ಸರ್ರೆ ಅಂತ ಒಬ್ಬ ಕಾನೂನು ಪ್ರಾಧ್ಯಾಪಕರು 1960ರ ದಶಕದಲ್ಲಿ ಅಮೆರಿಕದ ಹಣಕಾಸು ಇಲಾಖೆಯಲ್ಲಿ ತೆರಿಗೆ ನೀತಿಯನ್ನು ನೋಡಿಕೊಳ್ಳುತ್ತಿದ್ದರು. 1967ರಲ್ಲಿ ಅವರು ಒಂದು ಸರಳ ಮಾತು ಹೇಳಿದರು. ತೆರಿಗೆ ವಿನಾಯಿತಿ ಅಂದರೆ ಅದೂ ಖರ್ಚೇ. ಸರ್ಕಾರ ನಿಮ್ಮಿಂದ 100 ತೆಗೆದುಕೊಂಡು 100 ವಾಪಸ್ ಕೊಟ್ಟರೆ ಅದನ್ನು ಸಬ್ಸಿಡಿ ಅನ್ನುತ್ತೇವೆ. ತೆಗೆದುಕೊಳ್ಳದೇ ಬಿಟ್ಟರೆ ವಿನಾಯಿತಿ ಅನ್ನುತ್ತೇವೆ. ಬೊಕ್ಕಸದಲ್ಲಿ ಆಗುವ ತೂತು ಎರಡರಲ್ಲೂ ಒಂದೇ. ಆದರೆ ಸಬ್ಸಿಡಿ ಬಜೆಟ್ಟಿನಲ್ಲಿ ಕಾಣುತ್ತದೆ. ಅದರ ಮೇಲೆ ಪ್ರತಿ ವರ್ಷ ಚರ್ಚೆಯಾಗುತ್ತದೆ. ವಿನಾಯಿತಿ ಒಂದು ಸಲ ಕಾನೂನಿನಲ್ಲಿ ಸೇರಿಕೊಂಡರೆ ಅದನ್ನು ಕೇಳುವವರಿಲ್ಲ.

ಮನೆ ಸಾಲದ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿಯನ್ನೇ ತಗೊಳ್ಳಿ. ಅನೇಕ ದೇಶಗಳಲ್ಲಿ ಇದು ಇದೆ, ಅಥವಾ ಇತ್ತು. ದೊಡ್ಡ ಮನೆ ಕೊಂಡವರಿಗೆ ದೊಡ್ಡ ಸಾಲ, ದೊಡ್ಡ ಬಡ್ಡಿ, ದೊಡ್ಡ ವಿನಾಯಿತಿ. ಅವರ ತೆರಿಗೆ ದರವೂ ಮೇಲಿನದಾದ್ದರಿಂದ ಉಳಿತಾಯ ಇನ್ನೂ ಜಾಸ್ತಿ. ಸಣ್ಣ ಮನೆಯವರಿಗೆ ಚೂರುಪಾರು. ಬಾಡಿಗೆ ಮನೆಯವರಿಗೆ ಸೊನ್ನೆ. ಇದನ್ನೇ ಖರ್ಚಿನ ಯೋಜನೆಯಾಗಿ ಬರೆದು ನೋಡಿ: 'ಸರ್ಕಾರದ ಹೊಸ ವಸತಿ ಯೋಜನೆ. ದೊಡ್ಡ ಮನೆಯವರಿಗೆ ಪ್ರತಿ ವರ್ಷ ಹೆಚ್ಚು ಸಹಾಯಧನ, ಸಣ್ಣ ಮನೆಯವರಿಗೆ ಕಡಿಮೆ, ಮನೆ ಇಲ್ಲದವರಿಗೆ ಏನೂ ಇಲ್ಲ.' ಇಂಥ ಯೋಜನೆಗೆ ಯಾವ ಶಾಸನಸಭೆಯಾದರೂ ಕೈ ಎತ್ತುತ್ತದಾ? ಬಾಗಿಲಲ್ಲೇ ಬಿದ್ದುಹೋಗುತ್ತದೆ. ಆದರೆ ತೆರಿಗೆ ಕಾನೂನಿನ ಒಳಗಿಂದ ಇದೇ ಯೋಜನೆ ದಶಕಗಟ್ಟಲೆ ನಡೆಯುತ್ತದೆ. ಸರ್ರೆ ಇದನ್ನು ತಲೆಕೆಳಗಾದ ಸಹಾಯ ಅಂದರು.

ಆಸ್ಪತ್ರೆಯ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರಿಗೂ ಯಾವುದೋ ಒಂದು ವಿನಾಯಿತಿ ಸಿಕ್ಕಿರಬಹುದು. ನನಗೂ ಸಿಕ್ಕಿದೆ. ಅದನ್ನು ಪಡೆಯುವುದು ತಪ್ಪು ಅಂತ ಹೇಳುತ್ತಿಲ್ಲ. ಆದರೆ ನಮಗೆ ಸಿಕ್ಕಿದ್ದನ್ನು ಯಾರೂ ಬಿಟ್ಟಿ ಅನ್ನಲಿಲ್ಲ, ಆ ಹೆಂಗಸಿಗೆ ಸಿಕ್ಕ ಮಾತ್ರೆಯನ್ನು ಬಿಟ್ಟಿ ಅಂದರು. ನನಗೆ ನೋವಾಗುವುದು ಇಲ್ಲಿ.

ಸರಿ, ಖರ್ಚಿನ ಕಡೆಗೆ ತಿರುಗೋಣ. ತೆರಿಗೆದಾರರ ಬಗ್ಗೆ ನಮಗಿರುವ ತಪ್ಪು ಚಿತ್ರ ಇಲ್ಲೂ ಕೆಲಸ ಮಾಡುತ್ತದೆ. ಬಡವರ ಹೆಸರಿನಲ್ಲಿ ಮಾಡುವ ಖರ್ಚು ಕೂಡ ಎಷ್ಟೋ ಸಲ ಅವರನ್ನು ತಲುಪುವುದಿಲ್ಲ. ಇಂಧನ ಸಬ್ಸಿಡಿ ಇದಕ್ಕೆ ಒಳ್ಳೆ ಉದಾಹರಣೆ. ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನ ಸರ್ಕಾರಗಳು ಇಂಧನದ ಬೆಲೆಯನ್ನು ಕೆಳಗಿಡಲು ನೇರವಾಗಿ ಸುಮಾರು 1.3 ಲಕ್ಷ ಕೋಟಿ ಡಾಲರ್ ಸುರಿದವು. ಬಡವರಿಗೆ ಅನುಕೂಲ ಅನ್ನುವುದು ಇದಕ್ಕೆ ಕೊಡುವ ಕಾರಣ. ಆದರೆ ಪೆಟ್ರೋಲ್ ಜಾಸ್ತಿ ಸುಡುವವರು ಯಾರು? ಎರಡು ಕಾರು ಇರುವವರು. ಹಾಗಾಗಿ ಸಬ್ಸಿಡಿಯ ದೊಡ್ಡ ಪಾಲು ಅವರಿಗೇ ಹೋಗುತ್ತದೆ. ಇಂಡೋನೇಷ್ಯಾ 2014ರ ಕೊನೆಯಲ್ಲಿ ಇಂಧನದ ಬೆಲೆ ಏರಿಸಿ, 2015ರ ಜನವರಿಯಲ್ಲಿ ಪೆಟ್ರೋಲಿನ ಸಬ್ಸಿಡಿಯನ್ನು ನಿಲ್ಲಿಸಿತು. ಉಳಿದ ದುಡ್ಡಿನಲ್ಲಿ ದೊಡ್ಡ ಪಾಲನ್ನು ರಸ್ತೆ, ನೀರಾವರಿಯಂಥ ಕಾಮಗಾರಿಗಳ ಕಡೆಗೆ ತಿರುಗಿಸಿತು. ಆಗ ಕಚ್ಚಾ ತೈಲದ ಬೆಲೆ ಬಿದ್ದಿದ್ದರಿಂದ ಅದಕ್ಕೆ ಅನುಕೂಲವೂ ಆಯಿತು. ಬೆಲೆ ಏರಿದಾಗ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

ಸೇನೆಯ ಖರ್ಚಿನ ಬಗ್ಗೆ ಮಾತಾಡಿದರೆ ದೇಶಪ್ರೇಮ ಇಲ್ಲದವರು ಅಂದುಬಿಡುತ್ತಾರೆ. ಅದಕ್ಕೆ ಒಬ್ಬ ಸೇನಾಪತಿಯ ಮಾತನ್ನೇ ತರುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳನ್ನು ನಡೆಸಿದ ಐಸೆನ್‌ಹೋವರ್ ಅಮೆರಿಕದ ಅಧ್ಯಕ್ಷರಾದ ಮೇಲೆ, 1953ರ ಏಪ್ರಿಲ್‌ನಲ್ಲಿ ಒಂದು ಭಾಷಣ ಮಾಡಿದರು. ಒಂದು ಹೊಸ ಬಾಂಬರ್ ವಿಮಾನದ ಬೆಲೆಗೆ 30ಕ್ಕೂ ಹೆಚ್ಚು ಊರುಗಳಲ್ಲಿ ಒಂದೊಂದು ಇಟ್ಟಿಗೆಯ ಶಾಲೆ ಕಟ್ಟಬಹುದು ಅಂತ ಲೆಕ್ಕ ಹೇಳಿದರು. ಜಗತ್ತಿನ ಸೇನಾ ಖರ್ಚು, ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆಯ ಪ್ರಕಾರ, 2024ರಲ್ಲಿ ಸುಮಾರು 2.7 ಲಕ್ಷ ಕೋಟಿ ಡಾಲರ್. ಎಲ್ಲ ದೇಶಗಳೂ ಕೋಸ್ಟರಿಕಾ ಆಗುವುದಕ್ಕೆ ಸಾಧ್ಯವಿಲ್ಲ ಅಂತ ನನಗೂ ಗೊತ್ತು. ಆ ಪುಟ್ಟ ದೇಶ 1948ರ ಡಿಸೆಂಬರ್ 1ರಂದು ತನ್ನ ಸೇನೆಯನ್ನೇ ವಿಸರ್ಜಿಸಿತು. ಆಗಿನ ನಾಯಕ ಹೋಸೆ ಫಿಗರೆಸ್ ಸೇನಾ ಠಾಣೆಯ ಗೋಡೆಗೆ ಸುತ್ತಿಗೆಯಿಂದ ಹೊಡೆದು ಅದನ್ನು ಸಾರಿದರು. ಅದೇ ಕಟ್ಟಡ ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಉಳಿದ ದುಡ್ಡನ್ನು ಶಿಕ್ಷಣ, ಆರೋಗ್ಯದ ಕಡೆಗೆ ತಿರುಗಿಸಿದರು. ಅಲ್ಲಿನ ಜನರ ಸರಾಸರಿ ಆಯಸ್ಸು ಇವತ್ತು ಎಷ್ಟೋ ಶ್ರೀಮಂತ ದೇಶಗಳಿಗೆ ಸಮ.

ಖರ್ಚಿನ ಆದ್ಯತೆಯನ್ನು ಯಾರು ತೀರ್ಮಾನಿಸಬೇಕು? ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಒಂದು ಪ್ರಯೋಗ ಮಾಡಿತು. ಬಡಾವಣೆಗಳ ಜನರೇ ಸಭೆ ಸೇರಿ, ನಗರದ ಬಜೆಟ್ಟಿನಲ್ಲಿ ಹೊಸ ಕಾಮಗಾರಿಗೆ ಇರುವ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಸಾಲಾಗಿ ಬರೆದು ಕೊಟ್ಟರು. ಜನ ಕೇಳಿದ್ದು ಕುಡಿಯುವ ನೀರು, ಒಳಚರಂಡಿ, ಮನೆ ಮುಂದಿನ ರಸ್ತೆ. ನೀರು ಮತ್ತು ಒಳಚರಂಡಿ ಸಂಪರ್ಕ ಇದ್ದ ಮನೆಗಳು 1988ರಲ್ಲಿ ಶೇ. 75 ಇದ್ದದ್ದು 1997ಕ್ಕೆ ಶೇ. 98 ಆಯಿತು. ಒಳಚರಂಡಿಗೆ ಯಾರೂ ಅದ್ದೂರಿಯಾಗಿ ಟೇಪು ಕತ್ತರಿಸುವುದಿಲ್ಲ. ಪಟ್ಟಿ ಮಾಡುವ ಅಧಿಕಾರ ಜನರ ಕೈಗೆ ಬಂದಾಗ ಅದು ಮೇಲಕ್ಕೆ ಬಂತು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ವಿದ್ಯಾರ್ಥಿ: ಸರ್, ಶ್ರೀಮಂತರ ಮೇಲೆ ತೆರಿಗೆ ಜಾಸ್ತಿ ಮಾಡಿದರೆ ಅವರು ದೇಶ ಬಿಟ್ಟು ಹೋಗುವುದಿಲ್ವಾ?

ಕೆಲವರು ಹೋಗುತ್ತಾರೆ. ನಾರ್ವೆ 2022ರಲ್ಲಿ ಸಂಪತ್ತಿನ ತೆರಿಗೆ ಏರಿಸಿದಾಗ ಒಂದಷ್ಟು ಶ್ರೀಮಂತರು ಸ್ವಿಟ್ಜರ್‌ಲೆಂಡಿಗೆ ಹೋದರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಒಂದು ವಿಷಯ ಗಮನಿಸಿ. ಸ್ವಿಟ್ಜರ್‌ಲೆಂಡಿನಲ್ಲೂ ಸಂಪತ್ತಿನ ತೆರಿಗೆ ಇದೆ, ದರ ಕಡಿಮೆ ಅಷ್ಟೇ. ಅಂದರೆ ದೇಶಗಳು ಒಂದರ ವಿರುದ್ಧ ಇನ್ನೊಂದು ದರ ಇಳಿಸುತ್ತಾ ಹೋಗುವ ಪೈಪೋಟಿ ಇದು. ಕಂಪನಿಗಳ ವಿಷಯದಲ್ಲಿ ಇದಕ್ಕೆ ಕಡಿವಾಣ ಹಾಕಲು ದೇಶಗಳು ಸೇರಿ ಪ್ರಯತ್ನಿಸಿವೆ. 2021ರ ಅಕ್ಟೋಬರ್‌ನಲ್ಲಿ 130ಕ್ಕೂ ಹೆಚ್ಚು ದೇಶಗಳು ಒಂದು ಒಪ್ಪಂದಕ್ಕೆ ಬಂದವು. ವರ್ಷಕ್ಕೆ 75 ಕೋಟಿ ಯೂರೋಗಿಂತ ಹೆಚ್ಚು ವಹಿವಾಟು ಇರುವ ಬಹುರಾಷ್ಟ್ರೀಯ ಕಂಪನಿಗಳು ಎಲ್ಲೇ ಇದ್ದರೂ ಲಾಭದ ಮೇಲೆ ಕನಿಷ್ಠ ಶೇ. 15 ತೆರಿಗೆ ಕಟ್ಟಬೇಕು ಅಂತ. ಎಲ್ಲ ದೇಶಗಳೂ ಜಾರಿಗೆ ತಂದಿಲ್ಲ, ಎಳೆದಾಟ ನಡೆದೇ ಇದೆ. ವ್ಯಕ್ತಿಗಳ ವಿಷಯದಲ್ಲಿ ಅಷ್ಟೂ ಆಗಿಲ್ಲ. ಇನ್ನೊಂದು ಮಾತು: ಬಡವರಿಗೆ ದೇಶ ಬಿಟ್ಟು ಹೋಗುತ್ತೇನೆ ಅಂತ ಹೆದರಿಸುವುದಕ್ಕೆ ಆಗುವುದಿಲ್ಲ. ಅವರ ತೆರಿಗೆ ಏರಿಸುವಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಒಬ್ಬ ಶಿಕ್ಷಕಿ: ದುಡ್ಡು ಎಷ್ಟು ಇಟ್ಟರೂ ಶಾಲೆಗೆ ಬಂದು ಸೇರುವುದಿಲ್ಲವಲ್ಲ ಸರ್? ಆಮೇಲೆ ತೆರಿಗೆ ಯಾಕೆ ಕಟ್ಟಬೇಕು ಅನ್ನಿಸುತ್ತದೆ.

ಮೇಡಂ, ಇದಕ್ಕೆ ಉಗಾಂಡದಲ್ಲಿ ಆದದ್ದನ್ನು ಹೇಳುತ್ತೇನೆ. ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಸಂಬಳ ಬಿಟ್ಟು ಬೇರೆ ಖರ್ಚಿಗೆ, ಮಕ್ಕಳ ಸಂಖ್ಯೆಗೆ ತಕ್ಕಂತೆ ಅನುದಾನ ಕಳಿಸುತ್ತಿತ್ತು. 1990ರ ದಶಕದ ನಡುವಿನಲ್ಲಿ ಶಾಲೆಗಳಿಗೇ ಹೋಗಿ ಲೆಕ್ಕ ತೆಗೆದರು. 1991ರಿಂದ 1995ರ ತನಕ ಕಳಿಸಿದ್ದರಲ್ಲಿ ಸರಾಸರಿ ಶೇ. 13 ಮಾತ್ರ ಶಾಲೆ ತಲುಪಿತ್ತು. ಉಳಿದದ್ದು ದಾರಿಯಲ್ಲೇ ಕರಗಿತ್ತು. ಆಮೇಲೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಕಳಿಸಿದ್ದೇವೆ ಅಂತ ಪತ್ರಿಕೆಗಳಲ್ಲಿ ಹಾಕಿಸಿತು. ಶಾಲೆಯ ಗೋಡೆಯ ಮೇಲೂ ಬಂದ ಮೊತ್ತವನ್ನು ಅಂಟಿಸಬೇಕು ಅಂತ ಹೇಳಿತು. 2001ರ ಹೊತ್ತಿಗೆ ಶೇ. 80ಕ್ಕಿಂತ ಹೆಚ್ಚು ತಲುಪುತ್ತಿತ್ತು. ಪತ್ರಿಕೆಯ ಪ್ರಕಟಣೆಯೊಂದರಿಂದಲೇ ಇಷ್ಟೆಲ್ಲ ಆಯಿತಾ ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಅದೇ ಸಮಯಕ್ಕೆ ಬೇರೆ ಸುಧಾರಣೆಗಳೂ ನಡೆದಿದ್ದವು. ಆದರೆ ತಂದೆತಾಯಿಗೆ ಮೊತ್ತ ಗೊತ್ತಾಗದೇ ಇದ್ದಿದ್ದರೆ 'ಉಳಿದದ್ದು ಎಲ್ಲಿ' ಅಂತ ಕೇಳುವುದಕ್ಕೇ ಆಗುತ್ತಿರಲಿಲ್ಲ.

ಹಾಗಾಗಿ ತೆರಿಗೆ ಯಾಕೆ ಕಟ್ಟಬೇಕು ಅನ್ನುವ ಪ್ರಶ್ನೆಯನ್ನು ನಾನು ಬಿಡುತ್ತೇನೆ ಮೇಡಂ. ಕಟ್ಟದೇ ಇರುವುದಕ್ಕೆ ನಿಮ್ಮಿಂದ, ನನ್ನಿಂದ ಆಗುವುದೂ ಇಲ್ಲ. ಸಂಜೆ ಒಂದು ಸೋಪು ಕೊಂಡರೆ ಕಟ್ಟಿಯಾಯಿತು. ನಿಮ್ಮ ಶಾಲೆಗೆ ಈ ವರ್ಷ ಎಷ್ಟು ಮಂಜೂರಾಗಿದೆ, ಎಷ್ಟು ಬಂದಿದೆ ಅಂತ ಎರಡು ಸಾಲು ಬರೆದು ಗೇಟಿನ ಹತ್ತಿರ ಹಾಕುವುದಕ್ಕೆ ಆಗುತ್ತದಾ, ನೋಡಿ.

ಶಿಕ್ಷಕಿ: ಮಂಜೂರಾದ ಮೊತ್ತವನ್ನು ಮೊದಲು ನಾನೇ ಹುಡುಕಬೇಕು ಸರ್.

ಸರಿ ಮೇಡಂ. ಸಿಕ್ಕಿದ ಮೇಲೆ ನನಗೂ ತಿಳಿಸಿ.